ಕರಿಯದ ಡೋನಟ್, ಕರಿಯಲೇಬೇಕಾದ ಗಾರಿಗೆ

ದೀಪಾವಳಿ ಮುಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ವರಸೆಯೇ ಬೇರೆ. ಹಬ್ಬದ ಆಫರ್‌ನಲ್ಲಿ ಮನೆಗೆ ಬಂದ ಏರ್ ಫ್ರೈಯರ್ ಅಡುಗೆಮನೆಯ ಕಟ್ಟೆ ಮೇಲೆ ಕೂತಿರುತ್ತದೆ. ಹಪ್ಪಳ ಸುಟ್ಟಾಯಿತು, ಶೇಂಗಾ ಹುರಿದಾಯಿತು, ನಿನ್ನೆಯ ಸಮೋಸಾ ಬಿಸಿ ಮಾಡಿದ್ದೂ ಆಯಿತು. ಮುಂದೇನು ಅಂತ ಪ್ರಶ್ನೆ. ಈ ಸಲ ಡೋನಟ್ ಕೇಳಿದವರೇ ಜಾಸ್ತಿ. ಹಾಗಾಗಿ ಅದನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ ಇಬ್ಬರು ಮಕ್ಕಳು. ಕ್ಯಾಂಪ್ ಕಡೆ ಹೋದಾಗಲೆಲ್ಲ ಬೇಕರಿಯ ಗಾಜಿನೊಳಗಿನ ಡೋನಟ್ ತೋರಿಸಿ ಹಟ ಹಿಡಿಯುತ್ತಾರೆ. ಸಣ್ಣ ಸಣ್ಣ ಉಂಡೆ ಮಾಡಿ, ಏರ್ ಫ್ರೈಯರ್‌ನಲ್ಲಿಟ್ಟು, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸುವುದನ್ನು ಮೊಬೈಲಿನಲ್ಲಿ ನೋಡಿದೆ. ಆದರೆ ಅವರು ಡಬ್ಬಿಯಿಂದ ತಯಾರು ಹಿಟ್ಟು ತೆಗೆಯುತ್ತಾರೆ. ನನಗೆ ಅದು ಎಲ್ಲೂ ಸಿಗಲಿಲ್ಲ. ಈಸ್ಟ್ ಹಾಕಿ ಕಾಯಲು ಪುರುಸೊತ್ತಿಲ್ಲ. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಏನಾದರೂ ದಾರಿ ಇದೆಯಾ?
– ಗೃಹಿಣಿ, ಅನಗೋಳ, ಬೆಳಗಾವಿ

ಉತ್ತರ: ದಾರಿ ಇದೆ, ಅದೂ ನಿಮ್ಮ ಓಣಿಯ ಡೈರಿಯಲ್ಲೇ. ಶ್ರೀಖಂಡಕ್ಕೆ ತರುವ ಚಕ್ಕಾ, ಅಂದರೆ ನೀರಿಳಿಸಿದ ಗಟ್ಟಿ ಮೊಸರು ಇದೆಯಲ್ಲ, ಅದೇ. ಮೈದಾ ಮತ್ತು ಚಕ್ಕಾ ತೂಕಕ್ಕೆ ತೂಕ ಕಲಸಿದರೆ ಮೊಟ್ಟೆಯೂ ಬೇಡ, ಈಸ್ಟೂ ಬೇಡ. ಹಿಟ್ಟು ಕಲಸಿದ ಹೊತ್ತಿನಿಂದ ತಟ್ಟೆಗೆ ಬರುವವರೆಗೆ ಮುಕ್ಕಾಲು ಗಂಟೆ ಸಾಕು.

ಅಳತೆ ಹೇಳುವ ಮೊದಲು ಒಂದು ಮಾತು. ಏರ್ ಫ್ರೈಯರ್ ಅಂದರೆ ಕಡಾಯಿ ಅಲ್ಲ. ಅದೊಂದು ಪುಟ್ಟ ಓವನ್. ಮೇಲೆ ಒಂದು ಕಾಯಿಲ್, ಅದರ ಮೇಲೊಂದು ಫ್ಯಾನ್. ಬಿಸಿ ಗಾಳಿ ಬುಟ್ಟಿಯ ಸುತ್ತ ಜೋರಾಗಿ ತಿರುಗುತ್ತದೆ, ಅಷ್ಟೇ. ಎಣ್ಣೆಯಲ್ಲಿ ಬಿಟ್ಟ ಉಂಡೆಗೆ ಎಲ್ಲ ಕಡೆಯಿಂದ ಒಮ್ಮೆಲೇ ಶಾಖ ತಗಲುತ್ತದೆ, ಹೊರಮೈ ಎಣ್ಣೆ ಕುಡಿದು ಗರಿಯಾಗುತ್ತದೆ. ಗಾಳಿ ಅಷ್ಟು ಬೇಗ ಶಾಖ ಕೊಡುವುದಿಲ್ಲ, ಮೇಲಾಗಿ ಹೊರಮೈಯನ್ನು ಒಣಗಿಸುತ್ತದೆ. ನಮ್ಮ ಅತ್ತಿಯವರು ಮೊದಲ ಡೋನಟ್ ಬಾಯಿಗೆ ಹಾಕಿಕೊಂಡು, "ಚಲೋ ಅದ, ಆದ್ರ ಕರದಿದ್ದಲ್ಲ" ಅಂದುಬಿಟ್ಟರು. ಸರಿಯಾಗೇ ಹೇಳಿದರು. ಕರಿದ ರುಚಿ ಬೇಕು ಅಂತ ಕೂತರೆ ಈ ಯಂತ್ರ ನಿಮಗೆ ಬೇಸರ ತರಿಸುತ್ತದೆ. ಬೇಯಿಸಿದ ತಿಂಡಿ ಅಂತ ಒಪ್ಪಿಕೊಂಡು, ಎಣ್ಣೆ ಕೊಡದ ರುಚಿಯನ್ನು ಕೊನೆಯಲ್ಲಿ ಬೆಣ್ಣೆಯಿಂದ ಕೊಟ್ಟರೆ, ಮಕ್ಕಳು ತಟ್ಟೆ ನೆಕ್ಕುತ್ತಾರೆ.

ಈಗ ಅಳತೆ. 200 ಗ್ರಾಂ ಮೈದಾ, 200 ಗ್ರಾಂ ಚಕ್ಕಾ. ಎರಡು ಚಮಚ ಬೇಕಿಂಗ್ ಪೌಡರ್. ಚಮಚ ಅಂದರೆ ಟೀ ಚಮಚ, ಅದೂ ತಲೆ ಸವರಿದ್ದು. ಕಾಲು ಚಮಚ ಉಪ್ಪು. ಎರಡು ದೊಡ್ಡ ಚಮಚ ಸಕ್ಕರೆ. ಚಕ್ಕಾ ಹುಳಿ ಇದ್ದರೆ ಮಾತ್ರ ಒಂದು ಚಿಟಿಕೆ ಅಡುಗೆ ಸೋಡಾ. ಇಷ್ಟಕ್ಕೆ ಇಪ್ಪತ್ತು ಇಪ್ಪತ್ತೆರಡು ಉಂಡೆ ಆಗುತ್ತವೆ. ಮೇಲಿನ ಲೇಪಕ್ಕೆ 50 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ, ಎರಡು ಚಮಚ ದಾಲ್ಚಿನ್ನಿ ಪುಡಿ.

ಡೈರಿಯಲ್ಲಿ ಚಕ್ಕಾ ಸಿಗದಿದ್ದರೆ ಮನೆಯಲ್ಲೇ ಕಟ್ಟಿ. ಅರ್ಧ ಕಿಲೋ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ನಾಲ್ಕು ತಾಸು ತೂಗುಹಾಕಿದರೆ 200ರಿಂದ 250 ಗ್ರಾಂ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ತೂಗುಹಾಕಬೇಡಿ, ಹುಳಿ ಹಿಡಿದುಬಿಡುತ್ತದೆ. ಜರಡಿಯಲ್ಲಿ ಬಟ್ಟೆ ಹಾಸಿ, ಕೆಳಗೆ ಬೋಗುಣಿ ಇಟ್ಟು, ಫ್ರಿಜ್‌ನಲ್ಲಿಡಿ. ಕೆಳಗೆ ಇಳಿದ ನೀರು ಚೆಲ್ಲಬೇಡಿ, ರಾತ್ರಿ ಚಪಾತಿ ಹಿಟ್ಟಿಗಾಗುತ್ತದೆ.

ಒಣ ಸಾಮಾನು ಎಲ್ಲಾ ಸೇರಿಸಿ ಜರಡಿ ಹಿಡಿಯಿರಿ. ಚಕ್ಕಾ ಹಾಕಿ ಬೆರಳ ತುದಿಯಲ್ಲಿ ಕೂಡಿಸಿ. ಇಲ್ಲೇ ನಮ್ಮ ಕಡೆಯವರು ಎಡವುವುದು. ಹೋಳಿಗೆ ಕಣಕ ನಾದಿ ನಾದಿ ಅಭ್ಯಾಸವಾದ ಕೈ ಸುಮ್ನೆ ಇರುವುದಿಲ್ಲ. ಹೋಳಿಗೆಗೆ ಆ ಎಳೆತ ಬೇಕು, ಇದಕ್ಕೆ ಬೇಡ. ನಾದಿದಷ್ಟೂ ಅಂಟು ಬಲಿಯುತ್ತದೆ, ಉಂಡೆ ರಬ್ಬರ್ ಆಗುತ್ತದೆ. ಹಿಟ್ಟು ಒಂದಾದ ಕೂಡಲೇ ಕೈ ತೆಗೆಯಿರಿ. ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು, ಬೆರಳಿಗೆ ತುಸು ಅಂಟಬೇಕು. ಒಣ ಅನಿಸಿದರೆ ಒಂದು ಚಮಚ ಹಾಲು. ಮುಚ್ಚಿ ಹತ್ತು ನಿಮಿಷ ಬಿಡಿ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಬೇಕಿಂಗ್ ಪೌಡರ್‌ನ ಉಸಿರು ಬೋಗುಣಿಯಲ್ಲೇ ಹೋಗುತ್ತದೆ.

ಅಂಗೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ. ತೂಕ ನೋಡುವವರಿಗೆ ಒಂದೊಂದು 20 ಗ್ರಾಂ. ಫ್ರೈಯರ್ 170 ಡಿಗ್ರಿಗೆ ಇಟ್ಟು ಮೂರು ನಿಮಿಷ ಖಾಲಿ ಬಿಸಿ ಮಾಡಿ. ಬುಟ್ಟಿಗೆ ಎಣ್ಣೆ ಸವರಿ, ಉಂಡೆಗಳ ಮೈಗೂ ಬ್ರಶ್‌ನಿಂದ ತುಸು ಕರಗಿದ ಬೆಣ್ಣೆ ಹಚ್ಚಿ. ಇದನ್ನು ಬಿಟ್ಟರೆ ಮೇಲೆ ಹಿಟ್ಟಿನ ಬಿಳಿ ಹಾಗೇ ಉಳಿಯುತ್ತದೆ, ನೋಡಲು ಚೆಂದ ಇರುವುದಿಲ್ಲ. ಉಂಡೆಗಳ ನಡುವೆ ಒಂದು ಬೆರಳು ಜಾಗ ಬಿಡಿ. ನಾಲ್ಕು ಲೀಟರ್ ಬುಟ್ಟಿಗೆ ಒಮ್ಮೆಗೆ ಹತ್ತೋ ಹನ್ನೊಂದೋ ಹಿಡಿಯುತ್ತವೆ. ಐದು ನಿಮಿಷಕ್ಕೆ ತಿರುಗಿಸಿ, ಮತ್ತೆ ಮೂರು ನಾಲ್ಕು ನಿಮಿಷ. ಮೇಲೆ ತಿಳಿ ಕಂದು ಬಣ್ಣ ಬಂದಿರಬೇಕು, ಹಲ್ಲುಕಡ್ಡಿ ಚುಚ್ಚಿದರೆ ಒಣಗಿ ಬರಬೇಕು.

ಬಟರ್ ಪೇಪರ್ ಹಾಸುವವರು ಒಂದು ನೆನಪಿಡಿ. ಖಾಲಿ ಬಿಸಿ ಮಾಡುವಾಗ ಪೇಪರ್ ಒಳಗಿಡಬೇಡಿ. ಮೇಲೆ ಭಾರ ಇಲ್ಲದಿದ್ದರೆ ಗಾಳಿಗೆ ಎದ್ದು ಕಾಯಿಲ್‌ಗೆ ತಗಲಿ ಸುಡುತ್ತದೆ.

ಈಗ ಬಂತು ಡೋನಟ್ ಆಗುವ ಘಳಿಗೆ. ಉಂಡೆ ಹೊರಗೆ ಬರುವ ಹೊತ್ತಿಗೆ ಬೆಣ್ಣೆ ಕರಗಿ ಪಕ್ಕದಲ್ಲಿರಬೇಕು, ಸಕ್ಕರೆ ಅಗಲ ತಟ್ಟೆಯಲ್ಲಿ ಸಿದ್ಧ ಇರಬೇಕು. ಬಿಸಿ ಉಂಡೆಯನ್ನು ಬೆಣ್ಣೆಯಲ್ಲಿ ಪೂರ್ತಿ ಹೊರಳಿಸಿ, ಎತ್ತಿ ಹನಿ ಇಳಿಸಿ, ನೇರ ಸಕ್ಕರೆಗೆ. ಬ್ರಶ್‌ನಿಂದ ಸವರಿದರೆ ಸಾಲದು. ಇಲ್ಲಿ ಜಿಪುಣತನ ಮಾಡಿದರೆ ಬರೀ ಸಿಹಿ ಬನ್ ತಿಂದ ಹಾಗಾಗುತ್ತದೆ. ತುಪ್ಪ ಆಗುತ್ತದಾ ಅಂತ ಕೇಳುತ್ತೀರಿ, ಗೊತ್ತು. ಆಗುತ್ತದೆ, ಪರಿಮಳವೂ ಚೆಂದ. ಆದರೆ ಬೆಣ್ಣೆಯಲ್ಲಿ ಸ್ವಲ್ಪ ನೀರಿನಂಶ ಇರುತ್ತದೆ, ಅದು ಸಕ್ಕರೆಯ ಅಂಚು ಕರಗಿಸಿ ಮೈಗೆ ಹಿಡಿಸುತ್ತದೆ. ತುಪ್ಪದಲ್ಲಿ ಆ ನೀರು ಇಲ್ಲ. ಆರಿದ ಮೇಲೆ ಸಕ್ಕರೆ ಉದುರುತ್ತದೆ.

ಸಕ್ಕರೆಯ ಹರಳಿನ ವಿಷಯಕ್ಕೆ ಬಂದರೆ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವ ಊರು ನಮ್ಮ ಬೆಳಗಾವಿ, ಇಲ್ಲಿ ಕೂತು ಹರಳಿನ ಬಗ್ಗೆ ಮಾತಾಡದಿದ್ದರೆ ಹೇಗೆ? ಕಾರ್ಖಾನೆಯಿಂದ ಬರುವ ಚೀಲದ ಮೇಲೆ ಎಂ-30, ಎಸ್-30 ಅಂತ ಬರೆದಿರುತ್ತದೆ. ಎಂ ಅಂದರೆ ಹರಳು ಸ್ವಲ್ಪ ದಪ್ಪ, ಎಸ್ ಅಂದರೆ ಸಣ್ಣ. ನಮಗೆ ಸಣ್ಣದು ಬೇಕು. ದಪ್ಪ ಹರಳು ಮೈಗೆ ಹಿಡಿಯದೆ ಜಾರುತ್ತದೆ. ಮನೆಯಲ್ಲಿ ದಪ್ಪದ್ದೇ ಇದ್ದರೆ ಮಿಕ್ಸರ್‌ನಲ್ಲಿ ಒಂದೇ ಸಲ ಗರ್ ಅನ್ನಿಸಿ ನಿಲ್ಲಿಸಿ. ಪುಡಿ ಸಕ್ಕರೆ ಮಾಡಬೇಡಿ, ಬೆಣ್ಣೆ ತಗಲಿದ ಕೂಡಲೇ ಅದು ಅಂಟಾಗುತ್ತದೆ. ಹಲ್ಲಿಗೆ ಕರಕರ ಅನ್ನಬೇಕು, ಅದೇ ಇದರ ಮಜಾ.

ಪ್ರಶ್ನೆ: ಚಕ್ಕಾ ಹಾಕಿಯೇ ಮಾಡಿದೆ. ಮೇಲೆ ಕಪ್ಪಾಯಿತು, ಒಳಗೆ ಹಸಿ ಹಸಿ. ಎರಡನೇ ಸಲ ಹೆಚ್ಚು ಹೊತ್ತು ಇಟ್ಟೆ, ಆರಿದ ಮೇಲೆ ಗಟ್ಟಿಯಾಯಿತು. ಯಂತ್ರ ಕೆಟ್ಟಿದೆಯಾ?
– ಶಿಕ್ಷಕಿ, ಜಮಖಂಡಿ

ಉತ್ತರ: ಯಂತ್ರ ನೆಟ್ಟಗಿದೆ. ನೀವು 200 ಡಿಗ್ರಿಗೆ ಇಟ್ಟಿರಬೇಕು. ಹೆಚ್ಚಿನ ಫ್ರೈಯರ್‌ಗಳು ಚಾಲೂ ಮಾಡಿದ ಕೂಡಲೇ 180 ಅಥವಾ 200 ತೋರಿಸುತ್ತವೆ, ಅದು ಆಲೂ ಚಿಪ್ಸ್‌ಗೆ. ಕಾಯಿಲ್ ನಿಮ್ಮ ಉಂಡೆಯಿಂದ ಒಂದು ಗೇಣು ದೂರವೂ ಇರುವುದಿಲ್ಲ. ಅದರಲ್ಲೂ ಹಿಟ್ಟಿಗೆ ಸಕ್ಕರೆ, ಮೊಸರು ಬಿದ್ದಿದೆ, ಬೇಗ ಕೆಂಪಾಗುವ ಸಾಮಾನು ಅವು. ಹೊರಗೆ ಕಪ್ಪಾಗುವ ಹೊತ್ತಿಗೆ ಒಳಗೆ ಶಾಖ ಮುಟ್ಟಿಯೇ ಇರುವುದಿಲ್ಲ. 170ಕ್ಕೆ ಇಳಿಸಿ. ಬುಟ್ಟಿ ಸಣ್ಣದಿದ್ದರೆ 165 ಕೂಡ ನಡೆಯುತ್ತದೆ.

ಉಂಡೆ ದೊಡ್ಡ ಲಿಂಬೆಹಣ್ಣಿನಷ್ಟು ಮಾಡಿದ್ದೀರಾ? ಹಾಗಿದ್ದರೆ ಚಿಕ್ಕದು ಮಾಡಿ. ಇಂಥ ಪುಟ್ಟ ಡೋನಟ್‌ಗೆ ಇಂಗ್ಲಿಷಿನಲ್ಲಿ 'ಬೈಟ್ಸ್' ಅನ್ನುವುದು ಒಂದೇ ತುತ್ತಿಗೆ ಮುಗಿಯಲಿ ಅಂತ.

ಎರಡನೇ ಸಲ ಗಟ್ಟಿಯಾಗಿದ್ದು ಒಣಗಿದ್ದರಿಂದ. ಗಾಳಿ ಹೊಡೆದಷ್ಟು ಹೊತ್ತು ತೇವ ಹಾರುತ್ತಲೇ ಇರುತ್ತದೆ. ಹೊತ್ತು ಹೆಚ್ಚಿಸುವುದು ಪರಿಹಾರ ಅಲ್ಲ, ಶಾಖ ಇಳಿಸುವುದು ಪರಿಹಾರ. ಡೈರಿಯ ಚಕ್ಕಾ ಕೆಲವು ಸಲ ತೀರಾ ಬಿಗಿ ಇರುತ್ತದೆ, ಚಾಕುವಿನಿಂದ ಕತ್ತರಿಸುವ ಹಾಗೆ. ಅಂಥದ್ದಾದರೆ ಮೊದಲೇ ಎರಡು ಚಮಚ ಹಾಲಿನಲ್ಲಿ ಸಡಿಲ ಮಾಡಿಕೊಳ್ಳಿ.

ಪ್ರಶ್ನೆ: ಕಿರಾಣಿ ಅಂಗಡಿಯ ದಾಲ್ಚಿನ್ನಿ ಪುಡಿ ಮಾಡಿದರೆ ಮರಳು ಮರಳಾಗಿ ಬಾಯಿಗೆ ಸಿಗುತ್ತದೆ, ಖಾರವೂ ಹೌದು. ಇದು ಅಸಲಿ ಅಲ್ಲ, ದಿನಾ ತಿಂದರೆ ಕೆಟ್ಟದ್ದು ಅಂತ ನಮ್ಮ ಮೈದುನ ಹೆದರಿಸುತ್ತಾನೆ. ಏನು ಮಾಡಲಿ?
– ಓದುಗರು, ವಿಜಯಪುರ

ಉತ್ತರ: ನಿಮ್ಮ ಮೈದುನ ಅರ್ಧ ಸರಿ. ಪೇಟೆಯಲ್ಲಿ ಎರಡು ಜಾತಿ ಬರುತ್ತವೆ. ಒಂದು ತುಂಡು ಕೈಯಲ್ಲಿ ಹಿಡಿದು ನೋಡಿ. ದಪ್ಪ ತೊಗಟೆ, ಕೆಂಪು ಮಿಶ್ರಿತ ಕಂದು, ಒಂದೇ ಪದರ, ಮುರಿಯಲು ಬಲ ಬೇಕು. ಅದು ಕ್ಯಾಸಿಯಾ. ಇನ್ನೊಂದು ತಿಳಿ ಬಣ್ಣದ್ದು, ಕಾಗದದಷ್ಟು ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಎರಡು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅದು ಸಿಲೋನ್ ದಾಲ್ಚಿನ್ನಿ, ಬೆಲೆ ಜಾಸ್ತಿ. ನಮ್ಮ ಅಂಗಡಿಗಳಲ್ಲಿ ತೂಕಕ್ಕೆ ಸಿಗುವುದು ಹೆಚ್ಚಾಗಿ ಮೊದಲನೆಯದು.

ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಅಂಶ ಹೆಚ್ಚು. ಅದು ಬಹಳ ದಿನ, ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಕೆಲವರ ಲಿವರ್‌ಗೆ ತೊಂದರೆ ಆಗಬಹುದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಟ್ಟ ಮಿತಿ, ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.1 ಮಿಲಿಗ್ರಾಂ ಕೂಮರಿನ್. ಜರ್ಮನಿಯವರು ಇದನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸಿದ್ದಾರೆ. 15 ಕಿಲೋ ತೂಕದ ಮಗುವಿಗೆ ದಿನಕ್ಕೆ ಸುಮಾರು ಅರ್ಧ ಗ್ರಾಂ ಕ್ಯಾಸಿಯಾ ಪುಡಿ, 60 ಕಿಲೋದವರಿಗೆ ಎರಡು ಗ್ರಾಂ. ಇದು ದಿನಾ ತಿನ್ನುವವರಿಗೆ ಹಾಕಿದ ಲೆಕ್ಕ. ನಮ್ಮ ಎರಡು ಚಮಚ ಪುಡಿ ಸುಮಾರು ಐದು ಗ್ರಾಂ ತೂಗುತ್ತದೆ, ಅದು ಇಪ್ಪತ್ತಕ್ಕೂ ಹೆಚ್ಚು ಉಂಡೆಗೆ ಹಂಚಿಹೋಗುತ್ತದೆ, ಸ್ವಲ್ಪ ತಟ್ಟೆಯಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಮಗು ಮೂರು ನಾಲ್ಕು ತಿಂದರೆ ತಲೆ ಕೆಡಿಸಿಕೊಳ್ಳಬೇಡಿ. ಶುಗರ್ ಇಳಿಯುತ್ತದೆ ಅಂತ ಯಾರೋ ಹೇಳಿದರು ಎಂದು ದಿನಾ ಬೆಳಿಗ್ಗೆ ಚಮಚಗಟ್ಟಲೆ ನೀರಿಗೆ ಹಾಕಿ ಕುಡಿಯುವವರು ಇದ್ದಾರಲ್ಲ, ಮೈದುನ ಅವರಿಗೆ ಹೇಳಲಿ. ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ರುಚಿಗೆ ಬಂದರೆ ನನ್ನ ಓಟು ಕ್ಯಾಸಿಯಾಕ್ಕೇ. ಅಮೆರಿಕದಲ್ಲಿ ದಾಲ್ಚಿನ್ನಿ ಅಂತ ಮಾರುವುದೂ ಬಹುಪಾಲು ಅದೇ. ಡೋನಟ್‌ನ ಆ ಘಾಟು, ಆ ಸಿಹಿ ಖಾರ ಬರುವುದು ಅದರಿಂದ. ಸಿಲೋನ್ ಸೌಮ್ಯ, ಬೆಣ್ಣೆಯ ಮುಂದೆ ಸುಮ್ಮನಾಗಿಬಿಡುತ್ತದೆ. ದಿನಾ ಚಹಾಕ್ಕೆ ಹಾಕುವವರು ಸಿಲೋನ್ ತನ್ನಿ.

ಮರಳು ಮರಳಾಗುವುದಕ್ಕೆ ಉಪಾಯ ಇದೆ. ತುಂಡುಗಳನ್ನು ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಒಂದು ನಿಮಿಷ ಬೆಚ್ಚಗೆ ಮಾಡಿ. ಹುರಿಯುವುದು ಬೇಡ, ತೇವ ಹೋದರೆ ಸಾಕು. ಪೂರ್ತಿ ಆರಲಿ. ಖಲಬತ್ತಿನಲ್ಲಿ ಕುಟ್ಟಿ ಚೂರು ಮಾಡಿ, ಸಣ್ಣ ಜಾರ್‌ನಲ್ಲಿ ಎರಡು ಚಮಚ ಸಕ್ಕರೆ ಜೊತೆ ತಿರುಗಿಸಿ. ಸಕ್ಕರೆಯ ಹರಳೇ ತೊಗಟೆಯನ್ನು ಅರೆಯುತ್ತದೆ. ಮೈದಾ ಜರಡಿಯಲ್ಲಿ ಸೋಸಿ. ಜರಡಿಯಲ್ಲಿ ಉಳಿದ ಚೂರು ಚಹಾಪುಡಿ ಡಬ್ಬಿಗೆ ಹಾಕಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ, ಮೈದಾ ಬದಲು ಗೋದಿ ಹಿಟ್ಟು ಹಾಕಿದರೆ ಆಗುತ್ತದಾ?
– ನಿವೃತ್ತ ನೌಕರರು, ಬಾಗಲಕೋಟೆ

ಉತ್ತರ: ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲಿಟ್ಟುಕೊಂಡು ನೀವು ಈ ಪ್ರಶ್ನೆ ಕೇಳದೆ ಇರುತ್ತೀರಾ! ಆದರೆ ಹೊರ ಲೇಪಕ್ಕೆ ಬೆಲ್ಲ ಬೇಡ. ಸಕ್ಕರೆ ಬಹುತೇಕ ಶುದ್ಧ ಸುಕ್ರೋಸ್, ಒಣಗಿ ನಿಲ್ಲುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ, ಅವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ನಿಮ್ಮ ಊರಿನ ಒಣ ಹವೆಯಲ್ಲಿ ಸ್ವಲ್ಪ ಹೊತ್ತು ತಡೆದೀತು. ಬೆಳಗಾವಿಯ ಜುಲೈ ಮಳೆಯಲ್ಲಂತೂ ಸ್ವಲ್ಪ ಹೊತ್ತಿಗೇ ಬೆರಳಿಗೆ ಜಿಗುಟು. ಬೆಲ್ಲ ಹಿಟ್ಟಿನೊಳಗೆ ಹಾಕಿ. ಎರಡು ದೊಡ್ಡ ಚಮಚ ಸಕ್ಕರೆ ಜಾಗದಲ್ಲಿ ಅಷ್ಟೇ ಪುಡಿ ಬೆಲ್ಲ, ಶಾಖ 160ಕ್ಕೆ ಇಳಿಸಿ, ಯಾಕಂದರೆ ಬೇಗ ಕಪ್ಪಾಗುತ್ತದೆ.

ಗೋದಿ ಹಿಟ್ಟು ಅರ್ಧಕ್ಕರ್ಧ ಹಾಕಿ. ತೌಡು ನೀರು ಕುಡಿಯುವುದರಿಂದ ಎರಡು ಚಮಚ ಹಾಲು ಹೆಚ್ಚು ಬೇಕು. ಪೂರ್ತಿ ಗೋದಿ ಹಾಕಿದರೆ ಭಾರ ಆಗುತ್ತದೆ. ಮನೆಯಲ್ಲಿ ಜವೆ ಗೋದಿ ಹಿಟ್ಟಿದ್ದರೆ ಇದಕ್ಕೆ ಮುಟ್ಟಬೇಡಿ, ಅದು ಮಾದಲಿಗೆ ಇರಲಿ.

ಪ್ರಶ್ನೆ: ನಾವು ಮೂವರು ರೂಮ್ ಮಾಡಿಕೊಂಡಿದ್ದೇವೆ. ಏರ್ ಫ್ರೈಯರ್ ಹಾಕಿದರೆ ಎಕ್ಸ್‌ಟೆನ್ಷನ್ ಬಾಕ್ಸ್ ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ಓನರ್ ಆಂಟಿ ಬೇರೆ ಗೊಣಗುತ್ತಾರೆ.
– ವಿದ್ಯಾರ್ಥಿ, ಮಚ್ಛೆ, ಬೆಳಗಾವಿ

ಉತ್ತರ: ವಾಸನೆ ಬಂದ ಬಾಕ್ಸ್ ಇವತ್ತೇ ಎಸೆಯಿರಿ. ತಮಾಷೆ ಅಲ್ಲ. 1500 ವ್ಯಾಟ್ ಯಂತ್ರ 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ ಇರುವುದೇ ಆರು ಆಂಪಿಯರ್‌ಗೆ. ಫ್ರಿಜ್, ಗೀಸರ್‌ಗೆ ಇರುವ ದೊಡ್ಡ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಹಾಕಿ. ರೂಮಿನಲ್ಲಿ ಅಂಥದ್ದು ಇಲ್ಲದಿದ್ದರೆ ಫ್ರೈಯರ್ ಊರಿಗೆ ಕಳಿಸಿ, ಅಮ್ಮ ಮಾಡಿಕೊಡಲಿ.

ಬಿಲ್ ವಿಷಯ ಆಂಟಿಗೆ ಹೀಗೆ ಹೇಳಿ. 1500 ವ್ಯಾಟ್ 12 ನಿಮಿಷ ಪೂರ್ತಿ ಉರಿದರೂ 0.3 ಯೂನಿಟ್. ಶಾಖ ಬಂದ ಮೇಲೆ ಕಾಯಿಲ್ ನಡುನಡುವೆ ಆರುತ್ತದೆ, ಹಾಗಾಗಿ ಇನ್ನೂ ಕಡಿಮೆ. ಆದರೆ ನೀವು ದಿನಾ ರಾತ್ರಿ ಹನ್ನೆರಡಕ್ಕೆ ಮೂವರೂ ಸೇರಿ ಆಲೂ ಚಿಪ್ಸ್ ಮಾಡುತ್ತಿದ್ದರೆ ಆಂಟಿಯ ಮಾತಿಗೆ ಅರ್ಥ ಇದೆ.

ಪ್ರಶ್ನೆ: ಹಿಟ್ಟು ಕಲಸುವುದಕ್ಕೂ ಸಮಯ ಇಲ್ಲದವರಿಗೆ ಏನಾದರೂ ಹೇಳಿ.
– ಬ್ಯಾಂಕ್ ಉದ್ಯೋಗಿ, ವಡಗಾವಿ, ಬೆಳಗಾವಿ

ಉತ್ತರ: ನಿನ್ನೆಯ ಪಾವ್ ಇದೆಯಾ? ಪಾವ್ ಭಾಜಿ ಮಾಡಿದ ಮರುದಿನ ಎರಡೋ ಮೂರೋ ಉಳಿದೇ ಉಳಿಯುತ್ತವೆ. ಒಂದೊಂದನ್ನು ಆರು ತುಂಡು ಮಾಡಿ, ಕರಗಿದ ಬೆಣ್ಣೆಯಲ್ಲಿ ಹೊರಳಿಸಿ, 180ಕ್ಕೆ ನಾಲ್ಕು ನಿಮಿಷ. ನಡುವೆ ಒಮ್ಮೆ ಬುಟ್ಟಿ ಅಲ್ಲಾಡಿಸಿ. ಹೊರಗೆ ಬಂದ ಕೂಡಲೇ ದಾಲ್ಚಿನ್ನಿ ಸಕ್ಕರೆ. ತಾಜಾ ಪಾವ್‌ಗಿಂತ ಒಂದು ದಿನ ಹಳೆಯದೇ ಚಲೋ, ಬೆಣ್ಣೆ ಕುಡಿದರೂ ಮುದ್ದೆಯಾಗುವುದಿಲ್ಲ. ಇದು ಡೋನಟ್ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಸಂಜೆ ಆರಕ್ಕೆ ದಿಢೀರಂತ ನೆಂಟರು ಬಂದಾಗ ಇದು ಕೈ ಹಿಡಿದಷ್ಟು ಇನ್ಯಾವುದೂ ಹಿಡಿದಿಲ್ಲ.

ಪ್ರಶ್ನೆ: ಮಗ ಪುಣೆಯಿಂದ ಬರುವಾಗ ಈ ಡಬ್ಬಿ ತಂದುಕೊಟ್ಟು, ಇನ್ನು ಮೇಲೆ ಎಣ್ಣೆ ಕಡಾಯಿ ಇಡಬೇಡ ಅಂದಿದ್ದಾನೆ. ಇದರಲ್ಲಿ ಗಾರಿಗೆ, ಮಿರ್ಚಿ ಭಜಿ ಆಗುತ್ತವೇನು ತಂಗಿ?
– ಒಬ್ಬ ಅಜ್ಜಿ, ಮುಧೋಳ

ಉತ್ತರ: ಆಗುವುದಿಲ್ಲ ಅಜ್ಜಿ. ಮಗನಿಗೆ ನನ್ನ ಹೆಸರು ಹೇಳಿ.

ಭಜಿಯ ಕಡಲೆ ಹಿಟ್ಟು ಎಣ್ಣೆಗೆ ಬಿದ್ದ ಕ್ಷಣ ಗಟ್ಟಿಯಾಗಿ ಮೆಣಸಿನಕಾಯಿಯನ್ನು ಅಪ್ಪಿಕೊಳ್ಳುತ್ತದೆ. ಇದರಲ್ಲಿ ಅದು ಗಟ್ಟಿಯಾಗುವ ಮೊದಲೇ ಸೋರಿ ಬುಟ್ಟಿಯ ತೂತಿನಿಂದ ಕೆಳಗಿಳಿಯುತ್ತದೆ, ಮಿಕ್ಕಿದ್ದನ್ನು ಗಾಳಿ ಒಂದು ಕಡೆ ತಳ್ಳುತ್ತದೆ. ತೊಳೆಯುವ ಕೆಲಸ ಬೇರೆ.

ಗಾರಿಗೆ ಸೋರುವುದಿಲ್ಲ, ಅದು ಕೈಯಲ್ಲಿ ತಟ್ಟುವ ಹಿಟ್ಟು. ಆದರೆ ಅದರಲ್ಲಿ ಸೋಡಾ ಇಲ್ಲ, ಪೌಡರ್ ಇಲ್ಲ. ಅದನ್ನು ಉಬ್ಬಿಸುವುದೇ ಬಿಸಿ ಎಣ್ಣೆ. ಎಣ್ಣೆಯ ಶಾಖಕ್ಕೆ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಗಾರಿಗೆ ಹೊಟ್ಟೆ ಊದಿಕೊಳ್ಳುತ್ತದೆ. ಗಾಳಿಯ ಶಾಖಕ್ಕೆ ಆ ನೀರು ನಿಧಾನಕ್ಕೆ ಆರಿಹೋಗಿ, ಬೆಲ್ಲ ಬಿಗಿದು, ಹಲ್ಲಿಗೆ ಕೆಲಸ ಕೊಡುತ್ತದೆ. ಕುಂಬಳಕಾಯಿ ಹಾಕಿ ಮೆತ್ತಗೆ ಮಾಡಿದರೂ ಅಷ್ಟೇ. ವರ್ಷಕ್ಕೆ ನಾಲ್ಕು ಹಬ್ಬಕ್ಕೆ ಕರಿಯುವ ಗಾರಿಗೆಯಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಕಡಾಯಿ ಅಟ್ಟಕ್ಕೆ ಹಾಕಬೇಡಿ.

ಶಂಕರಪಾಳಿ ಮಾತ್ರ ಇದರಲ್ಲಿ ಚಲೋ ಆಗುತ್ತದೆ. ಅದರ ಹಿಟ್ಟಿಗೇ ತುಪ್ಪ ಬಿದ್ದಿರುತ್ತದೆ, ಒಣಗಿ ಗರಿಯಾಗುವುದೇ ಅದಕ್ಕೆ ಬೇಕು. 160ಕ್ಕೆ ಹತ್ತು ಹನ್ನೆರಡು ನಿಮಿಷ, ನಡುವೆ ಎರಡು ಸಲ ಅಲ್ಲಾಡಿಸಿ. ಮಗ ಫೋನ್ ಮಾಡಿದಾಗ ಡಬ್ಬಿ ಬಳಸುತ್ತಿದ್ದೇನೆ ಅಂತ ಹೇಳಲಿಕ್ಕೂ ಆಯಿತು.

ಪ್ರಶ್ನೆ: ಬುಟ್ಟಿಯ ಕಪ್ಪು ಲೇಪ ಏಳುತ್ತಿದೆ. ಸ್ಪ್ರೇ ಎಣ್ಣೆ ಹೊಡೆಯುತ್ತೇನೆ, ತಂತಿ ಸ್ಕ್ರಬ್ಬರ್‌ನಿಂದ ತಿಕ್ಕುತ್ತೇನೆ.
– ಓದುಗರು, ಗೋಕಾಕ

ಉತ್ತರ: ಎರಡನ್ನೂ ಬಿಡಿ. ಒತ್ತಡದ ಡಬ್ಬಿಯಲ್ಲಿ ಬರುವ ಸ್ಪ್ರೇ ಎಣ್ಣೆಯ ಅಂಟು ಲೇಪದ ಮೇಲೆ ಕೂತು ಸುಟ್ಟು ಗಟ್ಟಿಯಾಗುತ್ತದೆ, ಆಮೇಲೆ ತಿಕ್ಕದೆ ಗತಿಯಿಲ್ಲ. ಬ್ರಶ್ ಬಳಸಿ. ಬುಟ್ಟಿ ಆರಿದ ಮೇಲೆ ಬಿಸಿ ನೀರು, ಸೋಪು ಹಾಕಿ ಅರ್ಧ ಗಂಟೆ ನೆನೆಯಲು ಬಿಟ್ಟು ಸ್ಪಂಜಿನಿಂದ ಒರೆಸಿ. ಸಕ್ಕರೆ ಹಚ್ಚುವ ಕೆಲಸ ಯಾವಾಗಲೂ ಬುಟ್ಟಿಯ ಹೊರಗೇ ಆಗಬೇಕು. ಸಕ್ಕರೆ ಹಚ್ಚಿದ ಉಂಡೆಯನ್ನು ಮತ್ತೆ ಒಳಗಿಟ್ಟರೆ ಅದು ಕರಗಿ ಇಳಿದು ಲೇಪದ ಮೇಲೆ ಪಾಕ ಹಿಡಿಯುತ್ತದೆ. ಈಗಾಗಲೇ ಚಕ್ಕೆ ಎದ್ದ ಬುಟ್ಟಿ ಬದಲಾಯಿಸಿ. ಬರೀ ಬುಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

ಪ್ರಶ್ನೆ: ಡೋನಟ್ ಒಳಗೆ ಜಾಮ್ ತುಂಬುತ್ತಾರಲ್ಲ, ನಾವು ಕುಂದಾ ತುಂಬಿದರೆ? ಕರದಂಟು? ನಗಬೇಡಿ.
– ಕಾಲೇಜು ವಿದ್ಯಾರ್ಥಿನಿ, ಶಹಾಪುರ, ಬೆಳಗಾವಿ

ಉತ್ತರ: ನಗುವುದೇನು, ಕುಂದಾ ನಗರಿಯಲ್ಲಿದ್ದು ಈ ಪ್ರಶ್ನೆ ಇಷ್ಟು ತಡವಾಗಿ ಬಂತಲ್ಲ ಅಂತ ಬೇಜಾರು. ಕುಂದಾ ಜಾಮ್‌ಗಿಂತ ಎಷ್ಟೋ ಪಾಲು ಮೇಲು. ಜಾಮ್ ಬಿಸಿಗೆ ನೀರಾಗಿ ಓಡುತ್ತದೆ. ಹಾಲು, ಖೋವಾ ಕಾಯಿಸಿ ಕಾಯಿಸಿ ಕಂದು ಬಣ್ಣಕ್ಕೆ ತಂದ ಕುಂದಾ ಹರಳು ಹರಳಾಗಿ ಇದ್ದಲ್ಲೇ ಕೂರುತ್ತದೆ. ಆ ಸುಟ್ಟ ಹಾಲಿನ ರುಚಿಗೂ ದಾಲ್ಚಿನ್ನಿಗೂ ಬಹಳ ಚೆಂದ ಹೊಂದುತ್ತದೆ.

ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗೋಲಿ ಮಾಡಿ ಕುಂದಾವನ್ನು ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಹಿಟ್ಟಿನ ಉಂಡೆ 25 ಗ್ರಾಂ ತೆಗೆದುಕೊಳ್ಳಿ. ಅಂಗೈಯಲ್ಲಿ ತಟ್ಟಿ, ನಡುವೆ ದಪ್ಪ, ಅಂಚು ತೆಳು ಇರಲಿ. ಹೂರಣ ತುಂಬುವ ಹಾಗೆ ಮುಚ್ಚಿ, ಬಾಯಿಯನ್ನು ಚೆನ್ನಾಗಿ ಜಿಗುಟಿ, ಜೋಡಿಸಿದ ಕಡೆ ಕೆಳಗೆ ಮಾಡಿ ಬುಟ್ಟಿಯಲ್ಲಿಡಿ. ಬಾಯಿ ಬಿಟ್ಟುಕೊಂಡರೆ ಒಳಗಿನ ತುಪ್ಪ ಸೋರಿ ಹೊಗೆ ಏಳುತ್ತದೆ. ಶಾಖ 165, ಸಮಯ ಒಂಬತ್ತು ಹತ್ತು ನಿಮಿಷ, ಆರಕ್ಕೆ ತಿರುಗಿಸಿ. ಹಿಟ್ಟಿಗೆ ಸಕ್ಕರೆ ಹಾಕಬೇಡಿ. ಹೊರಗಿನ ಸಕ್ಕರೆಯಲ್ಲೂ ಒಂದು ಪಾಲು ಕಡಿಮೆ ಮಾಡಿ ದಾಲ್ಚಿನ್ನಿ ಅರ್ಧ ಚಮಚ ಏರಿಸಿ, ಇಲ್ಲದಿದ್ದರೆ ಗಂಟಲು ಕಟ್ಟುವಷ್ಟು ಸಿಹಿ.

ಕರದಂಟು ಬೇಡ. ಅದರ ಬೆಲ್ಲದ ಪಾಕ ಬಿಸಿಗೆ ಇಳಿದು, ಆರಿದ ಮೇಲೆ ಹಲ್ಲಿಗೆ ಅಂಟಿಕೊಳ್ಳುತ್ತದೆ. ಅದನ್ನು ಹಾಗೇ ಬಾಯಿಗೆ ಹಾಕಿಕೊಳ್ಳಿ.

ಇನ್ನೊಂದು. ಕುಂದಾ ತುಂಬಿದ್ದು ಹೊರಗೆ ಬಂದ ಕೂಡಲೇ ಸಕ್ಕರೆ ಹಚ್ಚಿ, ಆದರೆ ಐದು ನಿಮಿಷ ಯಾರ ಕೈಗೂ ಕೊಡಬೇಡಿ. ಹೊರಗೆ ಮುಟ್ಟಿದರೆ ಬೆಚ್ಚಗೆ ಅನಿಸುತ್ತದೆ, ಒಳಗಿನ ಕುಂದಾ ನಾಲಿಗೆ ಸುಡುತ್ತದೆ. ತುಂಬದೆ ಮಾಡಿದ್ದು ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮರುದಿನ ಟಿಫಿನ್‌ಗೆ 150 ಡಿಗ್ರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ. ಬಿಸಿ ಮಾಡುವಾಗ ಕೆಳಗೆ ಬಟರ್ ಪೇಪರ್ ತುಂಡು ಇರಲಿ, ಸಕ್ಕರೆ ಬುಟ್ಟಿಗೆ ತಗಲಬಾರದು. ಕುಂದಾದ್ದು ಫ್ರಿಜ್‌ನಲ್ಲೇ ಇಡಿ, ಎರಡು ದಿನದೊಳಗೆ ಮುಗಿಸಿ.